ಗರಡಿಯ ಬಾಗಿಲು ಹಿರಿಯರಿಗೂ ತೆರೆಯಲಿ

(ವಿಜಯಪುರದ ಜೋರಾಪುರ ಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಕ್ರಮಣದ ಹೊತ್ತಿಗೆ ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಎತ್ತುವವರು ಇಪ್ಪತ್ತು, ಮೂವತ್ತರ ಪೈಲ್ವಾನರು. ಸುತ್ತ ನಿಂತು ನೋಡುವವರಲ್ಲಿ ಕೋಲು ಹಿಡಿದ ಅಜ್ಜಂದಿರಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ, ಮೊಣಕಾಲು ನೋವಿನಿಂದ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ ತಾಯಂದಿರಿದ್ದಾರೆ. ಭಾರ ಎತ್ತುವ ಅಭ್ಯಾಸ ಬೇಕಾದದ್ದು ಅಖಾಡದ ಒಳಗಿನ ಹುಡುಗನಿಗಿಂತ ಹೊರಗೆ ನಿಂತ ಇವರಿಗೇ ಹೆಚ್ಚು. ಈ ಮಾತನ್ನು ಒಪ್ಪಿಸಲೆಂದೇ ಇವತ್ತು ಬಂದಿದ್ದೇನೆ.

ಗುಂಡುಕಲ್ಲು ಎತ್ತುವುದನ್ನು ಹತ್ತಿರದಿಂದ ನೋಡಿ. ಪೈಲ್ವಾನ ಗುಂಡಿನ ಎರಡೂ ಬದಿಗೆ ಕಾಲು ಅಗಲಿಸಿ ಕೂರುತ್ತಾನೆ. ಅಂಗೈಗೆ ಮಣ್ಣು ಒರೆಸಿಕೊಳ್ಳುತ್ತಾನೆ. ಬೆನ್ನನ್ನು ನೆಟ್ಟಗೆ ಇಟ್ಟುಕೊಂಡೇ ಗುಂಡನ್ನು ಮೊದಲು ತೊಡೆಯ ಮೇಲೆ ತರುತ್ತಾನೆ. ಅಲ್ಲಿ ಒಂದು ಗಳಿಗೆ ತಡೆಯುತ್ತಾನೆ, ತೋಳನ್ನು ಕೆಳಗಿನಿಂದ ಸುತ್ತಿ ಹಿಡಿತ ಬದಲಿಸುತ್ತಾನೆ, ಎದೆಗೆ ಅವುಚಿಕೊಳ್ಳುತ್ತಾನೆ, ಆಮೇಲೆ ಏಳುತ್ತಾನೆ. ಏಳುವುದು ತೋಳಿನಿಂದಲ್ಲ, ತೊಡೆಯಿಂದ, ಸೊಂಟದಿಂದ. ಕೆಳಗಿದ್ದದ್ದನ್ನು ಮೈಗೆ ಹತ್ತಿರ ಮಾಡಿಕೊಂಡು ಕಾಲಿನ ಬಲದಿಂದ ಎದ್ದು ನಿಲ್ಲುವುದು, ಇಷ್ಟೇ ಅದರ ಮರ್ಮ. ಎಪ್ಪತ್ತರ ಅವ್ವ ಬಚ್ಚಲಿನಿಂದ ಎದ್ದು ಬರಲಿಕ್ಕೂ, ಮೊಮ್ಮಗನನ್ನು ಕಂಕುಳಿಗೆ ಎತ್ತಿಕೊಳ್ಳಲಿಕ್ಕೂ ಇದೇ ಬಲ ಬೇಕು.

ಆ ಪೈಲ್ವಾನ ಒಂದೇ ದಿನಕ್ಕೆ ಆ ಗುಂಡಿಗೆ ಕೈ ಹಾಕಿದವನಲ್ಲ. ಬಸ್ಕಿ ಹೊಡೆದಿದ್ದಾನೆ, ದಂಡ ಹೊಡೆದಿದ್ದಾನೆ, ಸಣ್ಣ ಕಲ್ಲಿನಿಂದ ದೊಡ್ಡ ಕಲ್ಲಿಗೆ ಬಂದಿದ್ದಾನೆ. ವಸ್ತಾದರು ಇವತ್ತು ಇಷ್ಟು ಸಾಕು ಎಂದಾಗ ನಿಲ್ಲಿಸಿದ್ದಾನೆ. ಮೈ ತಾಳಿಕೊಳ್ಳುವಷ್ಟು ಭಾರ, ತಾಳಿಕೊಂಡ ಮೇಲೆ ಸ್ವಲ್ಪ ಹೆಚ್ಚು, ನಡುವೆ ವಿಶ್ರಾಂತಿ, ಮೇಲೆ ಊಟ. ಜಗತ್ತಿನ ದೊಡ್ಡ ದೊಡ್ಡ ಕ್ರೀಡಾ ಪ್ರಯೋಗಾಲಯಗಳು ಹೇಳುವುದಕ್ಕೂ ನಮ್ಮ ಗರಡಿ ಮನೆಯ ಈ ಕ್ರಮಕ್ಕೂ ಮೂಲದಲ್ಲಿ ಅಂತರವಿಲ್ಲ.

ಇದು ನಿನ್ನೆ ಮೊನ್ನೆಯ ತಿಳಿವಳಿಕೆಯೂ ಅಲ್ಲ. ಈ ನೆಲ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ, 12ನೆಯ ಶತಮಾನದಲ್ಲಿ, ಮೂರನೆಯ ಸೋಮೇಶ್ವರ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರು ಏನು ಉಣ್ಣಬೇಕು, ಹೇಗೆ ಸಾಮು ಮಾಡಬೇಕು ಎಂಬ ವಿವರ ಅದರಲ್ಲಿದೆ. ಭಾರಶ್ರಮ ಎಂದರೆ ಭಾರ ಎತ್ತುವುದು, ಭ್ರಮಣಶ್ರಮ ಎಂದರೆ ನಡಿಗೆ, ಸಲಿಲಶ್ರಮ ಎಂದರೆ ಈಜು, ಸ್ತಂಭಶ್ರಮ ಎಂದರೆ ಕಂಬದ ಮೇಲಿನ ಸಾಮು. ಇನ್ನು ನಮ್ಮ ಕಾಲಕ್ಕೆ ಬಂದರೆ, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಕಾದಂಬರಿ ಬರೆದ ಕೈಯೇ ಹುಡುಗರಿಗೆ ಭಾರ ಎತ್ತುವುದನ್ನೂ ಕಲಿಸಿತು. ಕನ್ನಡದ ವೇದಿಕೆಯ ಮೇಲೆ ನಿಂತು ವ್ಯಾಯಾಮದ ಮಾತಾಡಲು ನನಗೆ ಸಂಕೋಚವಿಲ್ಲದ್ದಕ್ಕೆ ಅವರೂ ಒಂದು ಕಾರಣ.

ಆದರೆ ಪರಂಪರೆಯ ಒಂದು ಮಾತನ್ನು ನಾನು ಒಪ್ಪಲಾರೆ. ವಾಗ್ಭಟನ ‘ಅಷ್ಟಾಂಗಹೃದಯ’ ವ್ಯಾಯಾಮವನ್ನು ಅರ್ಧ ಶಕ್ತಿ ಮೀರದಂತೆ ಮಾಡಬೇಕೆನ್ನುತ್ತದೆ. ಅದರ ಕಾಲಕ್ಕೆ ಎಷ್ಟು ದೊಡ್ಡ ವಿವೇಕ! ಅಲ್ಲಿಯೇ ಮಕ್ಕಳೂ ವೃದ್ಧರೂ ವ್ಯಾಯಾಮವನ್ನು ಬಿಡಬೇಕು ಎಂದೂ ಇದೆ. ಆ ಗ್ರಂಥವನ್ನು ಓದದ ಮನೆಗಳಲ್ಲೂ ಈ ನಂಬಿಕೆ ಇದೆ. ಅರವತ್ತು ದಾಟಿತು ಅಂದರೆ ಮಗ ಬಂದು ಕೈಯಲ್ಲಿನ ಕೊಡ ಇಸಿದುಕೊಳ್ಳುತ್ತಾನೆ. ಸೊಸೆ ‘ನೀವು ಕೂಡ್ರಿ ಅತ್ತಿ, ನಾ ತರ್ತೀನಿ’ ಅನ್ನುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾರೆ. ಆ ಪ್ರೀತಿಯ ಫಲವಾಗಿ ಐದಾರು ವರ್ಷದಲ್ಲಿ ಅತ್ತೆಗೆ ಕುರ್ಚಿಯಿಂದ ಏಳಲು ಇನ್ನೊಬ್ಬರ ಕೈ ಬೇಕಾಗುತ್ತದೆ.

ಐವತ್ತು ದಾಟಿದ ಮೇಲೆ, ಏನೂ ಮಾಡದೆ ಇದ್ದರೆ, ವರ್ಷಕ್ಕೆ ಸುಮಾರು ಶೇ 1ರಷ್ಟು ಸ್ನಾಯು ಕರಗುತ್ತ ಹೋಗುತ್ತದೆ. ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಮೊದಲು ಸೊರಗುವುದು ಥಟ್ಟನೆ ಕೆಲಸ ಮಾಡುವ ಸ್ನಾಯು ಎಳೆಗಳು. ಹೊಸ್ತಿಲು ಎಡವಿದಾಗ ಮೈ ಸಾವರಿಸಿಕೊಳ್ಳಲು ಬೇಕಾದವು ಅವೇ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂದಾಗ ನಾವು ಮೂಳೆಯನ್ನು ದೂರುತ್ತೇವೆ. ಬೀಳುವುದನ್ನು ತಡೆಯಬೇಕಾಗಿದ್ದ ತೊಡೆ ಅದಕ್ಕೂ ಮುಂಚೆಯೇ ಕೈಬಿಟ್ಟಿರುತ್ತದೆ. ಈ ಕರಗುವಿಕೆಗೆ 1989ರಲ್ಲಿ ಅಮೆರಿಕದ ಅರ್ವಿನ್ ರೋಸನ್‌ಬರ್ಗ್ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಅದನ್ನು ಮುಪ್ಪು ಎಂದಷ್ಟೇ ಕರೆದು ಸುಮ್ಮನಾಗುತ್ತಿದ್ದರು.

ಮರುವರ್ಷವೇ, 1990ರಲ್ಲಿ, ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಿಂದ ಬಂದ ವರದಿಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಅಲ್ಲಿನ ಹತ್ತು ಮಂದಿಯನ್ನು ಆರಿಸಿಕೊಂಡರು. ಅವರ ಸರಾಸರಿ ವಯಸ್ಸು 90. ಗಟ್ಟಿಮುಟ್ಟಾದವರನ್ನು ಹುಡುಕಲಿಲ್ಲ, ಅಶಕ್ತರು, ಹಲವು ಕಾಯಿಲೆ ಇದ್ದವರು, ಕೋಲು ಹಿಡಿದವರು. ವಾರಕ್ಕೆ ಮೂರು ದಿನ, ಒಟ್ಟು 8 ವಾರ ತೊಡೆಗೆ ಭಾರದ ವ್ಯಾಯಾಮ. ಹಗುರ ಭಾರವೂ ಅಲ್ಲ. ಒಂದು ಸಲಕ್ಕೆ ಎತ್ತಬಹುದಾದ ಗರಿಷ್ಠದ ಶೇ 80ರಷ್ಟು. ಒಂಬತ್ತು ಮಂದಿ ಪೂರ್ತಿ ಮಾಡಿದರು. ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯು ಶೇ 9ರಷ್ಟು ದಪ್ಪವಾಯಿತು. ಇಬ್ಬರು ಕೋಲನ್ನೇ ಬಿಟ್ಟು ನಡೆದರು. ತೊಂಬತ್ತರ ಮೈಯೂ ಕಲಿಯುತ್ತದೆ, ಬೆಳೆಯುತ್ತದೆ ಎಂದು ಅವತ್ತು ಸಿದ್ಧವಾಯಿತು.

ಅದೇ ತಂಡ 1994ರಲ್ಲಿ ನೂರು ಜನರ ಮೇಲೆ ಇನ್ನೊಂದು ಪರೀಕ್ಷೆ ನಡೆಸಿತು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ. ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪೇಯ ಕುಡಿದವರಿಗೆ ಬಲ ಬರಲಿಲ್ಲ. ಅಪ್ಪನಿಗೆ ನಿಶ್ಶಕ್ತಿ ಎಂದು ಮೆಡಿಕಲ್ ಅಂಗಡಿಯಿಂದ ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ತರುವ ಮಕ್ಕಳು ಈ ಒಂದು ಮಾತನ್ನು ನೆನಪಿಡಬೇಕು. ಬೇಡಿಕೆ ಇಲ್ಲದ ಸ್ನಾಯು ಕೊಟ್ಟದ್ದನ್ನು ಬಳಸುವುದಿಲ್ಲ.

ಈಗ ನಮ್ಮ ಕಡೆಯ ಒಂದು ತಕರಾರಿಗೆ ಬರುತ್ತೇನೆ. ‘ನಾವು ಹೊಲದಾಗ ದುಡಿಯೋ ಮಂದಿರೀ, ನಮಗ್ಯಾಕ್ರೀ ವ್ಯಾಯಾಮ?’ ತಿಕೋಟಾ ಕಡೆಯ ರೈತರಿಂದ ಇದನ್ನು ಕೇಳದ ದಿನವಿಲ್ಲ. ನ್ಯಾಯವಾದ ಪ್ರಶ್ನೆ. ಆದರೆ ದುಡಿಮೆಯೇ ಸಾಕಾಗಿದ್ದರೆ ದುಡಿದವರಿಗೆ ನೋವೇ ಇರಬಾರದಾಗಿತ್ತು. ದ್ರಾಕ್ಷಿ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಹೋಗುವ ಹೆಣ್ಣುಮಕ್ಕಳನ್ನು ಕೇಳಿ. ಚಪ್ಪರದ ಕೆಳಗೆ ಇಡೀ ದಿನ ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ ಕತ್ತರಿ ಆಡಿಸುತ್ತಾರೆ. ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ. ಮಾರನೆಯ ದಿನ ಮತ್ತೆ ಅದೇ ಭುಜ, ಅದೇ ಕೆಲಸ. ಮಾರುಕಟ್ಟೆಯ ಹಮಾಲರಿಗೆ ಚೀಲದ ತೂಕ ಅವರ ಬೆನ್ನಿನ ಸ್ಥಿತಿ ನೋಡಿ ಇಳಿಯುವುದಿಲ್ಲ. ದುಡಿಮೆಗೆ ಬೇಕಾದದ್ದು ಕೆಲಸ ಮುಗಿಯುವುದು. ವ್ಯಾಯಾಮ ಮಾತ್ರ ಮೈಯನ್ನು ನೋಡಿ ಭಾರ ಇಡುತ್ತದೆ, ಎಲ್ಲ ದಿಕ್ಕಿನ ಸ್ನಾಯುಗಳನ್ನೂ ಕೇಳುತ್ತದೆ, ನಡುವೆ ಒಂದು ದಿನ ಬಿಡುತ್ತದೆ. ಬಲ ಕೂಡುವುದು ಆ ಬಿಟ್ಟ ದಿನದಲ್ಲೇ. ಆದ್ದರಿಂದ ದುಡಿಯುವ ಮೈಗೂ ವ್ಯಾಯಾಮ ಬೇಕು, ದುಡಿಮೆಯನ್ನು ತಾಳಿಕೊಳ್ಳಲಿಕ್ಕಾದರೂ ಬೇಕು.

ಇನ್ನೊಂದು ಮಾತು. ಆ ದುಡಿಮೆಯೂ ಮೊದಲಿನಂತಿಲ್ಲ. ಬೀಸುವ ಕಲ್ಲು ಹೋಗಿ ಗಿರಣಿ ಬಂತು, ಒರಳು ಹೋಗಿ ಮಿಕ್ಸರ್ ಬಂತು, ಬಾವಿ ಹೋಗಿ ನಲ್ಲಿ ಬಂತು. ಬಂದದ್ದೆಲ್ಲ ಒಳ್ಳೆಯದೇ, ಹೆಣ್ಣುಮಕ್ಕಳ ಬೆನ್ನಿನ ಮೇಲಿನ ಎಷ್ಟೋ ಕಷ್ಟವನ್ನು ಅವು ಇಳಿಸಿವೆ, ಹಳೆಯ ಕಾಲ ಮತ್ತೆ ಬರಲಿ ಎಂದು ನಾನು ಎಂದಿಗೂ ಹೇಳುವುದಿಲ್ಲ. ಆದರೆ ಅಡುಗೆ ಕಟ್ಟೆ ಎತ್ತರಕ್ಕೆ ಬಂದಿತು, ನೆಲದ ಮೇಲೆ ಕೂತು ಏಳುವುದು ನಿಂತಿತು. ಹೋದ ಕಷ್ಟದ ಜೊತೆಗೆ ಹೋದ ಬಲವನ್ನು ಬೇರೆ ದಾರಿಯಿಂದ ತಂದುಕೊಳ್ಳಬೇಕು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ಚಟುವಟಿಕೆಯೇ ಇಲ್ಲ. ಹೆಂಗಸರಲ್ಲಿ ಇದು ಶೇ 57, ಗಂಡಸರಲ್ಲಿ ಶೇ 42.

ರೋಗಿಗಳ ವಿಷಯಕ್ಕೆ ಬರೋಣ. ಕಾಯಿಲೆ ಅಂದರೆ ಹಾಸಿಗೆ ಎಂಬುದು ನಮ್ಮ ಮೊದಲ ಯೋಚನೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. 30 ವರ್ಷದ ನಂತರ ಅವರನ್ನೇ ಮತ್ತೆ ಪರೀಕ್ಷಿಸಿದಾಗ, ಆ ಮೂರು ವಾರ ಅವರ ದೇಹಸಾಮರ್ಥ್ಯವನ್ನು ಮೂವತ್ತು ವರ್ಷದ ವಯಸ್ಸಿಗಿಂತ ಹೆಚ್ಚು ಕುಗ್ಗಿಸಿತ್ತು ಎಂದು ತಿಳಿಯಿತು. ಇಪ್ಪತ್ತರ ಯುವಕರ ಗತಿಯೇ ಹೀಗಾದರೆ ಅರವತ್ತೈದರ ರೋಗಿಯ ಗತಿ ಏನು? ಹಾಸಿಗೆಯ ಬದಲು ಬೇರೆ ದಾರಿಯನ್ನು ಅದಕ್ಕೂ ಮುಂಚೆಯೇ ತೋರಿದ್ದವರು ಥಾಮಸ್ ಡಿಲೋರ್ಮ್ ಎಂಬ ಸೇನಾ ವೈದ್ಯರು. ಎರಡನೆಯ ಮಹಾಯುದ್ಧದಲ್ಲಿ ಕಾಲು ಮುರಿದು ಶಿಕಾಗೋದ ಆಸ್ಪತ್ರೆಗೆ ಬಂದ ಸೈನಿಕರಿಗೆ ಅವರು ಭಾರ ಎತ್ತಿಸಿದರು. ವಾರ ವಾರಕ್ಕೆ ಭಾರ ಏರಿಸಿದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ಎಲ್ಲ ಫಿಸಿಯೋಥೆರಪಿ ಕೋಣೆಗಳಲ್ಲಿ ಹತ್ತು ಹತ್ತರಂತೆ ಮೂರು ಸಲ ಮಾಡಿ ಎನ್ನುತ್ತಾರಲ್ಲ, ಅದರ ಬೇರು ಅಲ್ಲಿದೆ.

ಸಕ್ಕರೆ ಕಾಯಿಲೆಗೆ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ಬಹುಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯು. ಇನ್ಸುಲಿನ್ ಬಂದು ಬಾಗಿಲು ತಟ್ಟಿದಾಗ ಸ್ನಾಯುಕೋಶ ತೆರೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಆ ತಟ್ಟುವಿಕೆ ಸರಿಯಾಗಿ ಕೇಳಿಸುವುದಿಲ್ಲ. ಸ್ನಾಯು ದುಡಿದಾಗ ಮಾತ್ರ ಇನ್ಸುಲಿನ್ನಿಗೆ ಕಾಯದೆ ಒಳಗಿನಿಂದಲೇ ಬಾಗಿಲು ತೆರೆಯುತ್ತದೆ. ವ್ಯಾಯಾಮ ಮುಗಿದು ಎಷ್ಟೋ ಗಂಟೆಯವರೆಗೆ ಆ ಅನುಕೂಲ ಉಳಿಯುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿ ಹೇಳಿತು. ಅವರಿಗೆಲ್ಲ ಬೆಳಗಿನ ನಡಿಗೆಯನ್ನು ಹೇಳುತ್ತೇವೆ, ತೊಡೆಯ ಬಲವನ್ನು ಹೇಳುವುದೇ ಇಲ್ಲ. ನಡಿಗೆ ಬೇಕು, ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆಯ ಜೊತೆಗೇ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಇದೆ. 65 ದಾಟಿದವರಿಗೆ ಅದರ ಮೇಲೆ ಬಲ, ಸಮತೋಲ ಎರಡೂ ಕೂಡಿದ ಅಭ್ಯಾಸ ಮೂರು ದಿನ.

ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಮೂಳೆ ಸವೆಯುತ್ತದೆ. ಭಾರ ಎತ್ತಿದರೆ ಮುರಿದೀತು ಎಂದು ಎಲ್ಲರೂ ಹೆದರಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಮೂಳೆ ತೆಳುವಾಗಿದ್ದ 101 ಮಹಿಳೆಯರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಎರಡು ಸಲ ಅರ್ಧ ಗಂಟೆ, ಬಲ್ಲವರ ಕಣ್ಣೆದುರು ಗಟ್ಟಿ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ 8 ತಿಂಗಳಲ್ಲಿ ಶೇ 2.9ರಷ್ಟು ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ 1.2ರಷ್ಟು ಇಳಿಯಿತು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಆ ಬದಿಯ ಕೈಯಿಂದ ಏನನ್ನೂ ಎತ್ತಬಾರದು ಎಂದು ಹಿಂದೆ ಹೇಳುತ್ತಿದ್ದರು. ನಿಧಾನವಾಗಿ ಏರಿಸಿದ ಭಾರದಿಂದ ಕೈಯ ಬಾವು ಹೆಚ್ಚಲಿಲ್ಲ, ಉಲ್ಬಣಿಸುವುದು ಕಡಿಮೆಯೇ ಆಯಿತು ಎಂದು 2009ರ ಅಧ್ಯಯನವೊಂದು ತೋರಿಸಿತು.

ಎಚ್ಚರದ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಬಿಪಿ 180/110ಕ್ಕಿಂತ ಮೇಲಿದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕು. ಕುಳಿತಲ್ಲೇ ಎದೆನೋವು ಬರುವವರು, ಸಕ್ಕರೆಯಿಂದ ಕಣ್ಣಿನ ಪರದೆಯಲ್ಲಿ ರಕ್ತಸ್ರಾವ ಆದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಎಲ್ಲರೂ ಪಾಲಿಸಬೇಕಾದ ಒಂದು ನಿಯಮವಿದೆ: ಉಸಿರು ಕಟ್ಟಬೇಡಿ. ಉಸಿರು ಬಿಗಿಹಿಡಿದು ಭಾರ ತಳ್ಳಿದಾಗ ರಕ್ತದೊತ್ತಡ ಕ್ಷಣಮಾತ್ರಕ್ಕೆ ಭಯಂಕರವಾಗಿ ಏರುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತ ಮಾಡಿದರೆ ಉಸಿರು ತಾನಾಗಿ ಆಡುತ್ತದೆ.

ಕ್ರೀಡಾಪಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರಿಗೆ ಕಲಿಸುವವರಿದ್ದಾರೆ. ಆದರೆ ಸೈಕ್ಲಿಂಗ್ ನಮ್ಮ ಜಿಲ್ಲೆಯ ಹೆಮ್ಮೆ. ಆ ಮಕ್ಕಳ ತಾಯಿ-ತಂದೆಯರಿಗೆ ಒಂದು ಮಾತು. ಸೈಕಲ್ ಮೇಲೆ ಮೈಯ ಭಾರ ಮೂಳೆಯ ಮೇಲೆ ಬೀಳುವುದಿಲ್ಲ. ವರ್ಷಗಟ್ಟಲೆ ರಸ್ತೆಯ ಮೇಲೆ ಸೈಕಲ್ ತುಳಿದ ಎಷ್ಟೋ ದೊಡ್ಡ ಸವಾರರ ಬೆನ್ನುಮೂಳೆ ತೆಳುವಾಗಿದ್ದದ್ದು ಕಂಡುಬಂದಿದೆ. ಅವರಿಗೆ ವಾರಕ್ಕೆ ಎರಡು ದಿನ ಭಾರದ ಬಸ್ಕಿ ಮೂಳೆಗೂ ಬೇಕು, ಓಟದ ಕೊನೆಯ ಜಿಗಿತಕ್ಕೂ ಬೇಕು. ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬುದು ಬರೀ ಭಯ. ಬಲ್ಲವರು ನಿಂತು ಕಲಿಸಿದರೆ ಮಕ್ಕಳ ಬೆಳವಣಿಗೆಗೆ ಅದರಿಂದ ತೊಂದರೆ ಇಲ್ಲವೆಂದು ಮಕ್ಕಳ ವೈದ್ಯರ ಸಂಘಗಳೇ ಹೇಳಿವೆ. ಹೆಣ್ಣುಮಕ್ಕಳು ಗಂಡಸರಂತೆ ಆಗುತ್ತಾರೆ ಎಂಬುದೂ ಹಾಗೆಯೇ. ನಮ್ಮ ರಾಜ್ಯದ ಕುಂದಾಪುರ ಕಡೆಯ ಗುರುರಾಜ್ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತಿ ಬೆಳ್ಳಿ ತಂದರು, 2022ರಲ್ಲಿ ಕಂಚು ತಂದರು. ಆ ಸಾಲಿನಲ್ಲಿ ವಿಜಯಪುರದ ಹುಡುಗಿಯೊಬ್ಬಳ ಹೆಸರು ಬರಬೇಕೆಂಬುದು ನನ್ನ ಆಸೆ.

ಮನೆಗೆ ಹೋಗಿ ಏನು ಮಾಡಬೇಕು? ಗಟ್ಟಿಯಾದ, ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಮುಂದಕ್ಕೆ ಸರಿದು ಅಂಚಿನಲ್ಲಿ ಕೂರಿ. ಪಾದಗಳು ಭುಜದಷ್ಟು ಅಗಲ, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದೆ. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಂತೆ ಇಟ್ಟುಕೊಳ್ಳಿ. ಮೂಗು ಕಾಲಿನ ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತ ಏಳಿ. ಕೂರುವಾಗ ಧೊಪ್ಪನೆ ಕೂರಬೇಡಿ. ಒಂದು, ಎರಡು, ಮೂರು ಎಂದು ಎಣಿಸುತ್ತ ಇಳಿಯಿರಿ. ಇಳಿಯುವಾಗ ತಡೆಯುವುದರಲ್ಲೇ ಅರ್ಧ ಬಲ ಬೆಳೆಯುತ್ತದೆ. ಏಳಲಾಗದಿದ್ದರೆ ಕುರ್ಚಿಯ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಎತ್ತರ ಹೆಚ್ಚಿದಷ್ಟೂ ಏಳುವುದು ಹಗುರ. ಎರಡು ವಾರಕ್ಕೆ ಒಂದು ಮಡಿಕೆ ತೆಗೆಯಿರಿ. ಕೌದಿ ಪೂರ್ತಿ ಹೋದ ಮೇಲೆ ಎರಡು ಕಿಲೋ ಜೋಳದ ಗಂಟನ್ನು ಎದೆಗೆ ಅವುಚಿಕೊಂಡು ಏಳಿ. ಎಂಟರಿಂದ ಹನ್ನೆರಡು ಸಲ, ನಡುವೆ ದಣಿವಾರಿಸಿಕೊಂಡು ಎರಡು ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಭಾರ ಸಾಲದು ಎಂದರ್ಥ. ಇದೇ ಹಿರಿಯರ ಬಸ್ಕಿ. ಹಿರಿಯರ ದಂಡಕ್ಕೆ ಗೋಡೆ ಇದೆ: ಒಂದು ಮೊಳ ದೂರ ನಿಂತು, ಅಂಗೈ ಊರಿ, ಎದೆಯನ್ನು ಗೋಡೆಗೆ ತಂದು ಹಿಂದಕ್ಕೆ ತಳ್ಳಿ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೂರನೆಯದು. ಮೊಣಕಾಲು ಸವೆದವರಿಗೂ ಇವು ಸಲ್ಲುತ್ತವೆ. ಸ್ವಲ್ಪ ನೋವು ಇರಬಹುದು, ಮಾರನೆಯ ದಿನಕ್ಕೆ ಅದು ಹೆಚ್ಚಿ ಉಳಿಯಬಾರದು.

ಊಟವೂ ಬೇಕು. ವಯಸ್ಸಾದವರಿಗೆ ಮೈತೂಕದ ಕಿಲೋಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಬೇಕೆನ್ನುತ್ತಾರೆ. ಜೋಳದ ರೊಟ್ಟಿಯ ಜೊತೆಗೆ ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ತಿನ್ನುವವರಿಗೆ ತತ್ತಿ ಎಲ್ಲ ನಮ್ಮ ಮನೆಯಲ್ಲೇ ಇವೆ. ಅಜ್ಜಿಯ ತಟ್ಟೆಗೆ ಅರ್ಧ ರೊಟ್ಟಿ, ತಿಳಿ ಸಾರು ಅಷ್ಟೇ ಬೀಳುತ್ತಿದ್ದರೆ ಅದನ್ನು ಬದಲಿಸಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ.

ಈಗ ಬೇಡಿಕೆ. ಈ ಊರಿನಲ್ಲಿ 1984ರ ಅಲ್-ಅಮೀನ್ ಮತ್ತು 1986ರ ಬಿ.ಎಂ. ಪಾಟೀಲ, ಹೀಗೆ ಎರಡು ವೈದ್ಯಕೀಯ ಕಾಲೇಜುಗಳಿವೆ. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಅಲ್ಲಿ ದೈಹಿಕ ಶಿಕ್ಷಣ ಕಲಿಯುವ ಹೆಣ್ಣುಮಕ್ಕಳಿದ್ದಾರೆ. ಗರಡಿ ಮನೆಗಳಿವೆ, ವಸ್ತಾದರಿದ್ದಾರೆ. ಎಲ್ಲರೂ ಇದ್ದಾರೆ, ಒಟ್ಟಿಗೆ ಕೂತಿಲ್ಲ. ವಸ್ತಾದರೇ, ಬೆಳಿಗ್ಗೆ ಹುಡುಗರ ಸಾಮು ಮುಗಿದ ಮೇಲೆ ಗರಡಿಗೆ ಬೀಗ ಬೀಳುತ್ತದೆ. ವಾರಕ್ಕೆ ಎರಡು ದಿನ ಹತ್ತು ಗಂಟೆಗೆ ಆ ಬಾಗಿಲನ್ನು ಅರವತ್ತು ದಾಟಿದವರಿಗೆ ತೆರೆಯಿರಿ. ಹೆಣ್ಣುಮಕ್ಕಳು ಗರಡಿಗೆ ಬರಬಾರದೆಂಬ ಕಟ್ಟುಪಾಡು ಇರುವಲ್ಲಿ ಗುಡಿಯ ಮಂಗಲ ಕಾರ್ಯಾಲಯವನ್ನೋ ಶಾಲೆಯ ಕೋಣೆಯನ್ನೋ ಕೊಡಿ, ಕಲಿಸಲು ಹೆಣ್ಣುಮಕ್ಕಳನ್ನೇ ಕರೆಸಿ. ಬೇಕಾಗುವ ಸಾಮಾನು ಹತ್ತು ಗಟ್ಟಿ ಕುರ್ಚಿ, ಒಂದು ಬಿಪಿ ಯಂತ್ರ, ಒಂದು ಗೋಡೆ ಗಡಿಯಾರ, ಉಸುಕು ತುಂಬಿದ ಸಣ್ಣ ಚೀಲಗಳು.

ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಇವತ್ತು ಮನೆಗೆ ಹೋಗಿ ನಿಮ್ಮ ತಾಯಿಗೋ ತಂದೆಗೋ ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. ಪಕ್ಕದಲ್ಲೇ ನಿಂತು ಗಡಿಯಾರ ನೋಡಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಮೈಯ ಕಾರ್ಯಸಾಮರ್ಥ್ಯ ಕುಗ್ಗಿದೆ ಎಂದು ಏಷ್ಯಾದ ತಜ್ಞರು 2019ರಲ್ಲಿ ಗೆರೆ ಹಾಕಿದ್ದಾರೆ. ಹಾಗಿದ್ದರೆ ಹೆದರಬೇಡಿ, ಅವರನ್ನು ಕೂರಿಸಲೂ ಬೇಡಿ. ಕೌದಿ ಮಡಚಿ ಶುರು ಮಾಡಿಸಿ. ಜೋರಾಪುರ ಪೇಟೆಯ ಯಾವ ಓಣಿಯವರು ಜಾಗ ಕೊಟ್ಟರೂ ಕಲಿಸಲು ನಾನು ಬರುತ್ತೇನೆ. ಅದಕ್ಕೆ ಹಣ ಬೇಡ.